ಪದಚರ್ಚೆ: ‘ಟಾಯ್ ಹಾಲರ್’, ಮೂಕಿ ಭಾರ, ಕುಂಬು ಹಿಡಿದ ನೆಲ

ಗೆಳೆಯರೇ, ನಮಸ್ಕಾರ.

ಒಂದು ಪದ ಕೇಳೋಣ ಅಂತ ಕೂತೆ, ಬರೆಯುತ್ತಾ ನಾಲ್ಕೈದಾಯಿತು. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ನಾವಿರುವುದು ಅಮೆರಿಕದ ಅರಿಜೋನಾದಲ್ಲಿ, ಫೀನಿಕ್ಸ್ ಹತ್ತಿರ. ಚಳಿಗಾಲ ಬಂದರೆ ಇಲ್ಲಿನವರು ಗಡಿ ದಾಟಿ ಕ್ಯಾಲಿಫೋರ್ನಿಯಾದ ಗ್ಲಾಮಿಸ್ ಮರಳುದಿಬ್ಬಗಳಿಗೆ ಹೋಗಿ ಗಾಡಿ ಓಡಿಸುತ್ತಾರೆ. ಆ ಹುಚ್ಚು ನಮಗೂ ಹತ್ತಿದೆ. ಮೂರು ಕನ್ನಡದ ಮನೆಗಳು ಸೇರಿ ಒಂದು ಸೆಕೆಂಡ್ ಹ್ಯಾಂಡ್ ಟಾಯ್ ಹಾಲರ್ ಕೊಳ್ಳಲು ಹೊರಟಿದ್ದೇವೆ. ಅಂದರೆ ಪಿಕಪ್ ಟ್ರಕ್ಕಿನ ಹಿಂದೆ ಕಟ್ಟಿ ಎಳೆಯುವ ಮನೆ. ಮುಂದೆ ಅಡುಗೆ, ಹಾಸಿಗೆ, ಬಚ್ಚಲು. ಹಿಂದೆ ಡರ್ಟ್ ಬೈಕು, ಮರಳಿನ ಮೇಲೆ ಓಡುವ ನಾಲ್ಕು ಚಕ್ರದ ಗಾಡಿ ನಿಲ್ಲಿಸುವ ಗ್ಯಾರೇಜು. ಹಿಂದಿನ ಗೋಡೆಯೇ ಕೆಳಕ್ಕೆ ಮಲಗಿ ರ‍್ಯಾಂಪ್ ಆಗುತ್ತದೆ.

ಕೊಳ್ಳುವ ಮುಂಚೆ ಏನೇನು ನೋಡಬೇಕು ಅಂತ ಕನ್ನಡದಲ್ಲಿ ಒಂದು ಚೀಟಿ ಬರೆಯುವ ಕೆಲಸ ನನ್ನ ತಲೆಗೆ ಬಂತು. ತಲೆಬರಹಕ್ಕೇ ಸಿಕ್ಕಿಬಿದ್ದೆ. ‘ಆಟಿಕೆ ಸಾಗಿಸುವ ಗಾಡಿ’ ಅಂತ ಬರೆದು ಫೋನಿನಲ್ಲಿ ಅಮ್ಮನಿಗೆ ಓದಿ ಹೇಳಿದೆ. “ಐಕಳ ಆಟದ ಸಾಮಾನ್ಗೆ ಒಂದು ಲಾರಿನೇ ಬೇಕಾ ಮಗ?” ಅಂದರು. ತಪ್ಪು ಅವರದಲ್ಲ. ಇಲ್ಲಿ ಟಾಯ್ ಅಂದರೆ ದೊಡ್ಡವರ ಆಟದ ಸಾಮಾನು. ಅದಕ್ಕೆ ನಮ್ಮಲ್ಲಿ ಆಗಲೇ ಒಂದು ಮಾತಿದೆ ಅಲ್ವಾ? ಷೋಕಿ. ‘ಬುಲೆಟ್ ಇಟ್ಟಿದಾನೆ, ಸುಮ್ನೆ ಷೋಕಿಗೆ’ ಅನ್ನುತ್ತೇವಲ್ಲ, ಆ ಷೋಕಿ. ಹಾಲರ್ ಅನ್ನುವುದಕ್ಕೆ ‘ಹೇರು’ ಹೊಂದುತ್ತದೆ. ‘ಷೋಕಿಹೇರು’ ಅಂದರೆ ತೀರಾ ತಮಾಷೆ ಆಗುತ್ತದೋ? ನನಗಂತೂ ಹಿಡಿಸಿದೆ. ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ ತಿಳಿಸಿ.

ಎರಡನೆಯದು ‘ಟಂಗ್ ವೇಟ್’. ಗಾಡಿಯ ಮುಂದೆ ಚಾಚಿಕೊಂಡಿರುವ ಕಬ್ಬಿಣದ ಮೂತಿ ಟ್ರಕ್ಕಿನ ಕೊಂಡಿಯ ಮೇಲೆ ಊರುವ ಭಾರ ಅದು. ಫೋನಿನ ಅನುವಾದಕ ‘ನಾಲಿಗೆ ತೂಕ’ ಅಂತ ಕೊಟ್ಟಿತು. ವೈದ್ಯರ ಹತ್ತಿರ ಹೋಗಬೇಕೇನೋ ಅನ್ನಿಸಿತು.

ಇದಕ್ಕೆ ಪದ ಕೊಟ್ಟವರು ಅಪ್ಪ. ನಮ್ಮದು ಮಂಡ್ಯದ ಕಡೆ ಹಳ್ಳಿ. ವಿಡಿಯೋ ಕಾಲಿನಲ್ಲಿ ಒಂದು ಗಾಡಿಯ ಫೋಟೋ ತೋರಿಸಿ, ಹಿಂದೆ ಇಷ್ಟು ದೊಡ್ಡ ಗ್ಯಾರೇಜ್ ಇದೆ ಅಂತ ಕೊಚ್ಚಿಕೊಳ್ಳುತ್ತಿದ್ದೆ. ಅಪ್ಪ ಕನ್ನಡಕ ಸರಿಮಾಡಿಕೊಂಡು ನೋಡಿ, “ಅಲ್ಲ ಕಣ್ಲಾ, ಭಾರನೆಲ್ಲ ಹಿಂದಕ್ಕೇ ಹೇರುದ್ರೆ ಮೂಕಿ ಎದ್ಬುಡಲ್ವಾ?” ಅಂದರು. ಮೂಕಿ ಅಂದರೆ ಎತ್ತಿನ ಗಾಡಿಯ ಮುಂದೆ ಚಾಚಿಕೊಂಡು ನೊಗಕ್ಕೆ ಸೇರುವ ಉದ್ದನೆಯ ಮರ. ಕಬ್ಬಿನ ಗಾಡಿ ನೆನಪಾಯಿತು. ಹಿಂಭಾರ ಆದರೆ ಮೂಕಿ ಮೇಲಕ್ಕೆ ಏಳುತ್ತಿತ್ತು. ಹುಡುಗರನ್ನು ಮೂಕಿ ಮೇಲೆ ಕೂರಿಸಿ ಅದುಮುತ್ತಿದ್ದರು. ಮುಂಭಾರ ಜಾಸ್ತಿ ಆದರೆ ಎತ್ತಿನ ಹೆಗಲಿಗೆ ಪೆಟ್ಟು.

ಟಾಯ್ ಹಾಲರ್ ಕೊಳ್ಳುವವರು ಎಲ್ಲಕ್ಕಿಂತ ಮೊದಲು ನೋಡಬೇಕಾದ್ದೂ ಇದೇ. ಕೊಂಡಿಗೆ ಕಟ್ಟಿ ಎಳೆಯುವ ಗಾಡಿಯಲ್ಲಿ ಒಟ್ಟು ತೂಕದ ನೂರಕ್ಕೆ 10ರಿಂದ 15 ಪಾಲು ಮೂಕಿಯ ಮೇಲಿರಬೇಕು. 12,000 ಪೌಂಡಿನ ಗಾಡಿಗೆ 1,200ರಿಂದ 1,800 ಪೌಂಡ್. ಅದಕ್ಕಿಂತ ಕಡಿಮೆಯಾದರೆ ಹೈವೇಯಲ್ಲಿ ಗಾಡಿ ಹೊಯ್ದಾಡುತ್ತದೆ, ಟ್ರಕ್ಕನ್ನೂ ಎಳೆದಾಡುತ್ತದೆ. ಬೈಕುಗಳು ಅಚ್ಚಿನ ಹಿಂದೆ ಕೂರುತ್ತವೆ ಅಂತ ತಯಾರಕರಿಗೆ ಗೊತ್ತು. ಹಾಗಾಗಿ ಖಾಲಿ ಇರುವಾಗ ಮೂಕಿ ಬೇಕೆಂದೇ ಭಾರವಾಗಿರುವ ಹಾಗೆ ಮಾಡಿರುತ್ತಾರೆ. ಖಾಲಿ ಗಾಡಿ ಎಳೆದು ನೋಡಿ ‘ಚೆನ್ನಾಗಿ ಬರುತ್ತೆ’ ಅಂದರೆ ಅರ್ಧ ಮಾತು ಅಷ್ಟೇ. ಖಾಲಿ ಮೂಕಿಯ ಭಾರವನ್ನು ನಿಮ್ಮ ಟ್ರಕ್ಕು ತಡೆಯಬೇಕು, ಹೇರಿದ ಮೇಲೆ ಮೂಕಿ ಹಗುರವೂ ಆಗಬಾರದು. ಎರಡೂ ಸಲ ಕಾಟಾಕ್ಕೆ ಹಾಕಿ ನೋಡುವುದು ಒಳ್ಳೆಯದು. ಇಲ್ಲಿ ಲಾರಿಗಳು ನಿಲ್ಲುವ ಟ್ರಕ್ ಸ್ಟಾಪುಗಳಲ್ಲಿ ಕ್ಯಾಟ್ ಸ್ಕೇಲ್ ಅಂತ ಕಾಟಾ ಇರುತ್ತದೆ.

‘ಮೂಕಿ ಭಾರ’ ಅಂತಲೇ ಚೀಟಿಗೆ ಹಾಕಿದೆ. ಉತ್ತರ ಕರ್ನಾಟಕದವರು ಇಲ್ಲಿ ‘ಈಸು’ ಅನ್ನುತ್ತೀರಾ? ನಮ್ಮ ಗುಂಪಿನ ಒಂದು ಮನೆ ಧಾರವಾಡದ್ದು, ಅದಕ್ಕೆ ಕೇಳಿದೆ.

ಎಷ್ಟು ಹೇರಬಹುದು ಅನ್ನುವುದು ಬಾಗಿಲ ಹತ್ತಿರದ ಹಳದಿ ಚೀಟಿಯಲ್ಲಿ ಇರುತ್ತದೆ. ಅದನ್ನೂ ‘ಹೇರು’ ಅಂದರೆ ಸಾಕು, ‘ಸರಕು ಸಾಮರ್ಥ್ಯ’ ಬೇಡ. ಒಂದು ಲೆಕ್ಕ ಕೊಡುತ್ತೇನೆ. ಹೇರು 3,500 ಪೌಂಡ್ ಇದೆ ಅನ್ನಿ. 100 ಗ್ಯಾಲನ್ ನೀರು ತುಂಬಿದರೆ 834 ಹೋಯಿತು. ಮರಳುಗಾಡಿಯೊಂದು 1,500. ಬೈಕಿಗೆ ಅಂತ 30 ಗ್ಯಾಲನ್ ಪೆಟ್ರೋಲು, ಸುಮಾರು 180. ಉಳಿದದ್ದು ಸಾವಿರಕ್ಕೂ ಕಡಿಮೆ. ಅದರಲ್ಲಿ ಮೂರು ಮನೆಯ ಪಾತ್ರೆ, ಹಾಸಿಗೆ, ಅಕ್ಕಿ, ಒಂದು ಡ್ರಮ್ ಚಕ್ಕುಲಿ.

ಮೂರನೆಯದು ಗೋಡೆ. ಇವುಗಳಲ್ಲಿ ಹೆಚ್ಚಿನವುಗಳ ಗೋಡೆ ಅಂದರೆ ತೆಳು ಪ್ಲೈವುಡ್ ಮೇಲೆ ಅಂಟಿಸಿದ ಫೈಬರ್ ಹಾಳೆ. ಒಳಗೆ ನೀರು ಇಳಿದರೆ ಹಾಳೆ ಬಿಟ್ಟುಕೊಂಡು ಉಬ್ಬುತ್ತದೆ. ಇಂಗ್ಲಿಷಿನಲ್ಲಿ ಡಿಲ್ಯಾಮಿನೇಷನ್. ‘ಪದರ ವಿಚ್ಛೇದನ’ ಅಂತ ಒಬ್ಬರು ಸೂಚಿಸಿದರು. ಕೋರ್ಟಿನ ವಾಸನೆ! ಹೊಸ ಮನೆಯ ಟೈಲ್ಸ್ ಮೇಲೆ ನಾಣ್ಯ ಕುಟ್ಟಿ ಮೇಸ್ತ್ರಿ ‘ಇಲ್ಲಿ ಪೊಳ್ಳು ಸಾರ್’ ಅನ್ನುತ್ತಾನಲ್ಲ, ಇದೂ ಅದೇ. ಬೆರಳ ಗೆಣ್ಣಿನಿಂದ ಕುಟ್ಟಿದರೆ ಗೊತ್ತಾಗುತ್ತದೆ. ಬಿಸಿಲು ಓರೆಯಾಗಿ ಬೀಳುವಾಗ ಗೋಡೆಗೆ ಕೆನ್ನೆ ತಾಗಿಸಿ ಉದ್ದಕ್ಕೆ ನೋಡಿದರೆ ಉಬ್ಬು ಕಣ್ಣಿಗೇ ಕಾಣುತ್ತದೆ. ‘ಗೋಡೆ ಪೊಳ್ಳು’ ಸಾಕಲ್ಲವೇ?

ನೆಲಕ್ಕೆ ಇನ್ನೂ ಒಳ್ಳೆಯ ಮಾತು ಸಿಕ್ಕಿತು. ಹೋದ ಭಾನುವಾರ ಒಂದು ಗಾಡಿ ನೋಡಿದೆವು. ಮಾರುವವರು ಒಳಗೆ ಚೆನ್ನಾಗಿ ಸೆಂಟು ಹೊಡೆದಿದ್ದರು. ಚಾವಣಿಯ ಅಂಚಿಗೆಲ್ಲ ಹೊಸದಾಗಿ ಬಿಳಿ ಅಂಟು ಬಳಿದಿತ್ತು. ಹೊಸ ಅಂಟು ಕಂಡರೆ ಖುಷಿ ಪಡಬೇಡಿ, ಅದು ಯಾವ ಸೋರಿಕೆಯನ್ನು ಮುಚ್ಚಿದೆ ಅಂತ ಕೇಳಿ. ಗ್ಯಾರೇಜಿನಲ್ಲಿ ರ‍್ಯಾಂಪಿನ ಹತ್ತಿರ ನಮ್ಮ ತೀರ್ಥಹಳ್ಳಿ ಕಡೆಯ ಗೆಳತಿ ಹಿಮ್ಮಡಿ ಊರಿದಳು. ನೆಲ ಒತ್ತಿದ ಬ್ರೆಡ್ಡಿನ ಹಾಗೆ ತಗ್ಗಿ ಮೇಲೆ ಬಂತು. ಅವಳು ನನ್ನ ಕಡೆ ತಿರುಗಿ ಕನ್ನಡದಲ್ಲಿ, “ಕುಂಬು ಹಿಡಿದಿದೆ ಮಾರಾಯ, ನಡಿ” ಅಂದಳು. ಮರ ಒಳಗೊಳಗೇ ಕೊಳೆತು ಮೆತ್ತಗಾಗುವುದಕ್ಕೆ ಮಲೆನಾಡಿನಲ್ಲಿ ಈ ಮಾತು. ನಮ್ಮ ಕಡೆ ಸುಮ್ನೆ ‘ಕೊಳ್ತೋಗಿದೆ’ ಅಂತೀವಿ. ‘ಕುಂಬು’ ಜಾಸ್ತಿ ಚೂಪು. ಮಾರುವವರ ಮುಂದೆಯೇ ಹೇಳಿಕೊಳ್ಳಬಹುದು ಅನ್ನುವ ಲಾಭ ಬೇರೆ. ಗ್ಯಾರೇಜಿನ ನೆಲದಲ್ಲಿ ಬೈಕು ಕಟ್ಟಲು ಕಬ್ಬಿಣದ ಬಳೆಗಳಿರುತ್ತವೆ. ಅದೇ ಗಾಡಿಯಲ್ಲಿ ಒಂದು ಬಳೆ ಕೈಯಲ್ಲಿ ಎಳೆದರೆ ಅಲ್ಲಾಡುತ್ತಿತ್ತು.

ಇನ್ನು ಕೆಳಗಿನ ಭಾಗಗಳಿಗೆ ಪದದ ಬರ ಇಲ್ಲ. ಬೇರಿಂಗಿಗೆ ವರ್ಷಕ್ಕೊಮ್ಮೆ ಗ್ರೀಸ್ ಬದಲಿಸಬೇಕು, ಮರಳಿನಲ್ಲಿ ತಿರುಗಿದ ಗಾಡಿಗೆ ಅದು ಇನ್ನೂ ಮುಖ್ಯ. ಕೀಲೆಣ್ಣೆ ಅನ್ನುವ ಪದ ಎತ್ತಿನ ಗಾಡಿಗಳ ಜೊತೆಗೇ ಹೋಗಿಬಿಟ್ಟಿತ್ತು, ಮತ್ತೆ ಬಳಕೆಗೆ ತಂದೆ. ಸ್ಪ್ರಿಂಗ್ ಪಟ್ಟಿ ಮುರಿದಿದ್ದರೆ ಲಾರಿಯವರ ‘ಕಮಾನ್ ಕಟ್’. ಟೈರಿನ ಪಕ್ಕದಲ್ಲಿ ಡಾಟ್ (DOT) ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 3518 ಅಂದರೆ 2018ರ 35ನೇ ವಾರದ ಟೈರು. ಇವು ಓಡಿ ಸವೆಯುವುದಕ್ಕಿಂತ ನಿಂತು ಬಿರಿಯುವುದೇ ಹೆಚ್ಚು, ಪಟ್ಟೆ ಹೊಸದರ ಹಾಗಿದ್ದರೂ ನಂಬಬೇಡಿ. ಗ್ಯಾರೇಜಿನಲ್ಲಿ ಪೆಟ್ರೋಲ್ ಘಾಟು ಇದೆಯಾ ಮೂಸಿ. ಗ್ಯಾಸ್ ಸೋರಿದರೆ ಕೂಗುವ ಡಬ್ಬಿಗೂ ಆಯಸ್ಸು ಇದೆ, ಅದರ ಬೆನ್ನ ಮೇಲೆ ತಾರೀಕು ಇರುತ್ತದೆ. ಗಾಡಿಯ ಕಾಗದದ ಮೇಲೆ ‘ಲೀನ್’ ಅಂತ ಇದ್ದರೆ ಅದರ ಮೇಲೆ ಸಾಲ ಇದೆ ಅಂತ, ನಮ್ಮ ‘ಎಚ್‌ಪಿ ಇದೆ’ ಅನ್ನುವುದೇ. ಮಾರುವವರು ಸಾಲ ತೀರಿಸಿ ಅದನ್ನು ತೆಗೆಸದೆ ದುಡ್ಡು ಕೊಡಬಾರದು.

ಉಳಿದದ್ದು ಎರಡು. ಮನೆಗೆ ಅಂಟಿಕೊಂಡ ಈ ಗ್ಯಾರೇಜಿಗೆ ‘ಕೊಟ್ಟಿಗೆ’ ಅನ್ನಬಹುದಾ? ಹಳೇ ಮನೆಗಳಲ್ಲಿ ದನವೂ ನಾವೂ ಒಂದೇ ಸೂರಿನಡಿ ಇರಲಿಲ್ಲವೇ? ಇನ್ನು ಆ ಮಲಗುವ ಹಿಂಬಾಗಿಲು. ‘ಇಳಿಜಾರು ಬಾಗಿಲು’ ಅಂದರೆ ಬಾಗಿಲೇ ವಾಲಿದೆ ಅನ್ನಿಸುತ್ತದೆ. ‘ಹಾಸುಬಾಗಿಲು’ ಅಂತ ಕಟ್ಟಿದ್ದೇನೆ, ಹಾಸುಗಲ್ಲಿನ ಹಾಗೆ. ಇದಕ್ಕಿಂತ ಒಳ್ಳೆಯದು ನಿಮ್ಮ ಊರಿನ ಲಾರಿಯವರ ಬಾಯಲ್ಲಿ ಇದ್ದರೆ ಹೇಳಿ. ಶನಿವಾರ ಬೆಳಿಗ್ಗೆ ಇನ್ನೊಂದು ಗಾಡಿ ನೋಡಲು ಹೋಗುತ್ತಿದ್ದೇವೆ. ಚೀಟಿಯನ್ನು ಶುಕ್ರವಾರ ರಾತ್ರಿ ಪ್ರಿಂಟ್ ತೆಗೆಯುತ್ತೇನೆ.