ಅಪ್‌ಡೇಟ್: ಬದಿಯಡ್ಕದ ಪೋರ್ಷೆ ಮಂಗಳೂರು ಸೇರಿತು

ಭಾವನ ಪೋರ್ಷೆ ಕೇಮನ್ ಕಾರನ್ನು ಪಿಕಪ್‌ಗೆ ಟ್ರೈಲರ್ ಕಟ್ಟಿ ಬದಿಯಡ್ಕದಿಂದ ಮಂಗಳೂರಿನ ಗ್ಯಾರೇಜಿಗೆ ಒಯ್ಯುವುದು ಹೇಗೆಂದು ಕೇಳಿದ್ದೆ. ಕಾರು ಕ್ಷೇಮವಾಗಿ ತಲುಪಿದೆ. ಹಗ್ಗ ಕಟ್ಟಿ ಎಳೆದರೆ ಸಾಕೆಂದ ಮಹನೀಯರಿಗೆ ದೂರದಿಂದಲೇ ನಮಸ್ಕಾರ.

ಹೆಚ್ಚು ತಲೆ ತಿಂದದ್ದು ಭಾರದ ಹಂಚಿಕೆ. ಟ್ರೈಲರ್ ಮತ್ತು ಕಾರು ಸೇರಿ ಸುಮಾರು 2,000 ಕಿಲೋ, ಅದರಲ್ಲಿ ಶೇ. 10ರಿಂದ 15ರಷ್ಟು, ಅಂದರೆ 200ರಿಂದ 300 ಕಿಲೋ, ಪಿಕಪ್‌ನ ಕೊಂಡಿಯ ಮೇಲೆ ಬೀಳಬೇಕು. ಕಡಿಮೆಯಾದರೆ ವೇಗದಲ್ಲಿ ಟ್ರೈಲರ್ ಓಲಾಡುತ್ತದೆ. ಕೇಮನ್‌ನ ಎಂಜಿನ್ ಸೀಟುಗಳ ಹಿಂದಿರುವುದರಿಂದ ಮುಂದಿನಿಂದ ಹತ್ತಿಸಿದರೆ ಭಾರ ಹಿಂದಕ್ಕೆ ಜಾರುತ್ತದೆ. ನಾವು ಹಿಮ್ಮುಖವಾಗಿಯೇ ಹತ್ತಿಸಿದೆವು. ತಳ ಉಜ್ಜದಂತೆ ರ‍್ಯಾಂಪಿನ ಕೆಳಗೆ ಹಲಸಿನ ಹಲಗೆಗಳನ್ನಿಟ್ಟು ಇಳಿಜಾರನ್ನು ಉದ್ದ ಮಾಡಿದೆವು.

ಕಾರನ್ನು ಟ್ರೈಲರಿಗೆ ಕಟ್ಟುವ ಬೆಲ್ಟುಗಳನ್ನು ಚಾಸಿಗೆ (ಕಾರಿನ ಚೌಕಟ್ಟಿಗೆ) ಬಿಗಿಯದೆ ನಾಲ್ಕೂ ಚಕ್ರಗಳಿಗೆ ಬಿಗಿದದ್ದು ಒಳ್ಳೆಯದಾಯಿತು; ಸಸ್ಪೆನ್ಷನ್ ಕುಣಿದರೂ ಬೆಲ್ಟ್ ಸಡಿಲವಾಗುವುದಿಲ್ಲ. ಆದರೂ ಕುಂಬಳೆಯಲ್ಲಿ ನಿಲ್ಲಿಸಿ ಮತ್ತೊಮ್ಮೆ ಬಿಗಿದೆವು. ಸುರಕ್ಷತಾ ಸರಪಳಿಗಳನ್ನು ಕೊಂಡಿಯ ಕೆಳಗೆ ಕತ್ತರಿಯಂತೆ ಅಡ್ಡಡ್ಡ ಹಾಯಿಸಿದ್ದೆವು: ಕೊಂಡಿ ಕಳಚಿದರೆ ಟ್ರೈಲರಿನ ಮೂತಿ ನೆಲಕ್ಕೆ ಬಡಿಯದೆ ಅವುಗಳ ಮೇಲೆ ಕೂರುತ್ತದೆ.

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬಸ್ಸೊಂದು ಪಕ್ಕದಲ್ಲೇ ನುಗ್ಗಿದಾಗ ಟ್ರೈಲರ್ ಸ್ವಲ್ಪ ಅಲುಗಾಡಿತು. ಪಿಕಪ್‌ನ ಬ್ರೇಕ್ ತುಳಿಯದೆ ಆಕ್ಸಿಲರೇಟರ್ ಬಿಟ್ಟು ಸ್ಟೀರಿಂಗ್ ನೇರವಾಗಿ ಹಿಡಿದೆ, ತಾನಾಗಿ ಸರಿಹೋಯಿತು. ಭಾವ ಮಾತ್ರ ತಲಪಾಡಿ ದಾಟುವವರೆಗೂ ಮಾತಾಡಲಿಲ್ಲ.