ಸೈಬರ್‌ಪಂಕ್ ಕಪಾಟಿಗೆ ಕನ್ನಡದಲ್ಲಿ ಏನು ಬರೆಯಲಿ?

ಬದಿಯಡ್ಕದಿಂದ:
ನಮ್ಮ ವಾಚನಾಲಯದಲ್ಲಿ ಈ ಬಗೆಯ ಕಾದಂಬರಿಗಳಿಗೆ ಬೇರೆ ಕಪಾಟು ಮಾಡಿದ್ದೇವೆ. ಕಾಲೇಜು ಮಕ್ಕಳು ಈಗ ಕೇಳುವುದು ರಾಕೆಟ್ಟಿನ ಕತೆಯಲ್ಲ. ಹ್ಯಾಕರ್‌ಗಳದ್ದು, ಊರನ್ನೇ ಆಳುವ ಕಂಪನಿಗಳದ್ದು. ಗಿಬ್ಸನ್ 1984ರಲ್ಲಿ ಬರೆದ ‘ನ್ಯೂರೋಮ್ಯಾನ್ಸರ್’ ಇದೆ. ಹೊಸದರಲ್ಲಿ ಲಾವಣ್ಯ ಲಕ್ಷ್ಮೀನಾರಾಯಣ್ ಅವರ ‘ಅನಲಾಗ್/ವರ್ಚುವಲ್’ ಇದೆ. ಮಲಯಾಳ ಚೀಟಿ ಅಂಟಿಸಿ ಆಯಿತು, ಕನ್ನಡದ ಜಾಗ ಖಾಲಿ ಇದೆ. ಶನಿವಾರ ಪ್ರೆಸ್ಸಿಗೆ ಕೊಡಬೇಕು. ‘ತಂತ್ರಜ್ಞಾನ ಕಾದಂಬರಿ’ ಅಂದರೆ ಪಠ್ಯಪುಸ್ತಕ ಅಂದುಕೊಂಡು ಯಾರೂ ಮುಟ್ಟುವುದಿಲ್ಲ.

ಮಂಜೇಶ್ವರದಿಂದ:
ಇಂಗ್ಲಿಷನ್ನು ನಮ್ಮ ಲಿಪಿಯಲ್ಲಿ ಬರೆದರೆ ಕನ್ನಡ ಆಗುವುದಿಲ್ಲ. ‘ಸೈಬರ್’ನ ಮೂಲ ಸೈಬರ್ನೆಟಿಕ್ಸ್, ಯಂತ್ರಗಳಲ್ಲೂ ಜೀವಿಗಳಲ್ಲೂ ನಿಯಂತ್ರಣ ಹೇಗೆ ನಡೆಯುತ್ತದೆ ಎಂದು ನೋಡುವ ಶಾಸ್ತ್ರ. 1948ರಲ್ಲಿ ನಾರ್ಬರ್ಟ್ ವೀನರ್ ಅದನ್ನು ತೆಗೆದದ್ದು ಗ್ರೀಕಿನಿಂದ, ಹಡಗು ನಡೆಸುವವನು ಎಂಬ ಪದದಿಂದ. ‘ಪಂಕ್’ಗೆ ‘ಪುಂಡ’ ಇದ್ದೇ ಇದೆ, ಸದ್ದೂ ಹೊಂದುತ್ತದೆ. ‘ಚುಕ್ಕಾಣಿಪುಂಡರ ಕತೆ’ ಎಂದು ಬರೆಯಿರಿ. ಕಾಸರಗೋಡಿನಲ್ಲಿ ಕನ್ನಡದ ಬೋರ್ಡು ಉಳಿದಿರುವುದೇ ಕಡಿಮೆ. ಉಳಿದದ್ದರಲ್ಲೂ ಇಂಗ್ಲಿಷ್ ಬೇಡ.

ಮುಳ್ಳೇರಿಯದಿಂದ:
ಆಗದ ಮಾತು, ಮಾಷ್ಟ್ರೇ. ‘ಚುಕ್ಕಾಣಿ’ ಅರಬ್ಬಿಯ ಸುಕ್ಕಾನ್. ‘ಚಾವಿ’ ಪೋರ್ಚುಗೀಸ್. ಇವೆಲ್ಲ ಕಡಲ ದಾರಿಯಲ್ಲಿ ಬಂದು ನಮ್ಮವೇ ಆದವು. ಇಂಗ್ಲಿಷಿಗೆ ಮಾತ್ರ ಯಾಕೆ ಬಾಗಿಲು ಹಾಕುವುದು?
ಅದಕ್ಕಿಂತ ಜಾಸ್ತಿ ತೊಂದರೆ ಅರ್ಥದಲ್ಲಿದೆ. ಬ್ರೂಸ್ ಬೆತ್ಕೆ 1983ರಲ್ಲಿ ಅಚ್ಚಾದ ತನ್ನ ಕತೆಗೆ ‘ಸೈಬರ್‌ಪಂಕ್’ ಎಂದು ಹೆಸರಿಟ್ಟದ್ದು ಕಂಪ್ಯೂಟರ್ ಬಲ್ಲ ಪೋಲಿ ಹುಡುಗರನ್ನು ನೆನೆದು. ಅಲ್ಲಿ ಹಡಗಿನ ಮಾತೇ ಇಲ್ಲ. ಲಾವಣ್ಯ ಅವರ ಪುಸ್ತಕವನ್ನೇ ನೋಡಿ. ಬೆಂಗಳೂರು ಏಪೆಕ್ಸ್ ಸಿಟಿ ಆಗಿದೆ, ಬೆಲ್ ಕಾರ್ಪ್ ಎಂಬ ಕಂಪನಿ ಆಳುತ್ತದೆ. ಅದರ ಲೆಕ್ಕದಲ್ಲಿ ಕೆಳಗೆ ಬಿದ್ದವರಿಗೆ ಕರೆಂಟೂ ಇಲ್ಲ, ನಲ್ಲಿ ನೀರೂ ಇಲ್ಲ. ಚುಕ್ಕಾಣಿ ಇರುವುದು ಕಂಪನಿಯ ಕೈಯಲ್ಲಿ! ಓದುವವರು ಇಷ್ಟಪಡುವುದು ಕೆಳಗಿನವರು ಅದನ್ನು ಹೇಗೆ ಎದುರಿಸುತ್ತಾರೆ ಅನ್ನುವುದನ್ನು, ಅಲ್ವಾ? ‘ಪುಂಡ’ ಇರಲಿ, ಚೆನ್ನಾಗಿದೆ. ಚುಕ್ಕಾಣಿ ತೆಗೆಯಿರಿ.

ಮಂಜೇಶ್ವರದಿಂದ:
ಬಾಗಿಲು ತೆರೆದಿಟ್ಟವರ ಮನೆಯಲ್ಲಿ ಏನು ಉಳಿದಿದೆ ನೋಡಿ. ಹಡಗಿನವರು ಪದ ಕೊಟ್ಟರು, ನಮ್ಮದನ್ನು ಕಸಿಯಲಿಲ್ಲ. ಇಂಗ್ಲಿಷ್ ಹಾಗಲ್ಲ. ಇಂಟರ್ನೆಟ್ಟಿಗೆ ‘ಮಿಂಬಲೆ’ ಎಂಬ ಕನ್ನಡ ಪದ ಇದೆ. ‘ಮಿಂಬಲೆ ಪುಂಡರು’ ಆಗಬಹುದು. ಇದಕ್ಕಿಂತ ಕೆಳಗೆ ಇಳಿಯಲಾರೆ.

ಬದಿಯಡ್ಕದಿಂದ:
‘ಮಿಂಬಲೆ’ ಹುಡುಗರಿಗೂ ಗೊತ್ತಿಲ್ಲ, ಹಿರಿಯರಿಗೂ ಗೊತ್ತಿಲ್ಲ. ಮೇಲೆ ದಪ್ಪಕ್ಷರದಲ್ಲಿ ‘ಸೈಬರ್‌ಪಂಕ್’, ಕೆಳಗೆ ‘ಕಂಪ್ಯೂಟರ್ ಪುಂಡರ ಕತೆಗಳು’ ಎಂದು ಕೊಡುತ್ತಿದ್ದೇನೆ. ಪ್ರೂಫ್ ಶುಕ್ರವಾರ ಸಂಜೆ ಬರುತ್ತದೆ. ಆಕ್ಷೇಪ ಇದ್ದರೆ ಅಷ್ಟರೊಳಗೆ ಬರೆಯಿರಿ.