ಎಚ್‌ಎಎಲ್ ಬಿಟ್ಟು ಬಿಎಫ್‌ಸಿಗೆ ಬಂದ ಬಗೆ

ಪುಟ್ಟಾ, ನಿನ್ನ ಪ್ರಶ್ನೆಯನ್ನು ಬೆಳಿಗ್ಗೆಯೇ ನಮ್ಮ ಮನೆಯ ಗುಂಪಿನಲ್ಲಿ ಓದಿದೆ. ‘ಚಿಕ್ಕಜ್ಜ, ವಿಮಾನ ಕಾರ್ಖಾನೆಯ ಎಚ್‌ಎಎಲ್ ಫುಟ್ಬಾಲ್ ತಂಡವೇ ನನ್ನ ತಂಡ ಎನ್ನುತ್ತಿದ್ದ ನೀವು ಈಗ ಬೆಂಗಳೂರು ಎಫ್‌ಸಿಯ (ಬಿಎಫ್‌ಸಿ) ನೀಲಿ ಅಂಗಿ ತೊಟ್ಟು ಕಂಠೀರವ ಕ್ರೀಡಾಂಗಣಕ್ಕೆ ಹೋಗುತ್ತೀರಲ್ಲ, ಇದು ಪಕ್ಷಾಂತರವಲ್ಲವೇ?’ ಎಂದು ಕೇಳಿದ್ದೀಯೆ. ನಿಮ್ಮಮ್ಮ ನಕ್ಕು ಸುಮ್ಮನಾಗಿದ್ದಾಳೆ. ನನಗೆ ನಗು ಬರಲಿಲ್ಲ. ಇದೇ ಪ್ರಶ್ನೆಯನ್ನು ನಾನೂ ಮೂರು ವರ್ಷ ನನಗೇ ಕೇಳಿಕೊಂಡಿದ್ದೇನೆ. ಟೈಪು ಮಾಡಲು ಬೆರಳು ಬಗ್ಗುವುದಿಲ್ಲವಾದ್ದರಿಂದ ಮಾತಿನಲ್ಲೇ ಹೇಳುತ್ತಿದ್ದೇನೆ, ದೀರ್ಘವಾದರೆ ಉಳಿದವರು ಮನ್ನಿಸಬೇಕು.

ಎಪ್ಪತ್ತರ ದಶಕದ ಕೊನೆಯಲ್ಲಿ, ಎಚ್‌ಎಎಲ್ ಕಾರ್ಖಾನೆಯಲ್ಲಿದ್ದ ನಿನ್ನ ಮುತ್ತಜ್ಜ, ಅಂದರೆ ನಮ್ಮ ತಂದೆ, ನನ್ನನ್ನು ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಅಶೋಕನಗರದ ಫುಟ್ಬಾಲ್ ಕ್ರೀಡಾಂಗಣಕ್ಕೆ ಕರೆದೊಯ್ಯುತ್ತಿದ್ದರು. ಬೆಂಗಳೂರಿನ ಲೀಗ್ ಎಂದರೆ ಆಗ ಕಾರ್ಖಾನೆಗಳ ಲೀಗ್: ಎಚ್‌ಎಎಲ್, ದೂರವಾಣಿ ಕಾರ್ಖಾನೆಯ ಐಟಿಐ, ರಕ್ಷಣಾ ಪ್ರಯೋಗಾಲಯದ ಎಲ್‌ಆರ್‌ಡಿಇ, ಜೊತೆಗೆ ಸೇನೆಯ ಎಂಇಜಿ ಮತ್ತು ಎಎಸ್‌ಸಿ. ಆಟಗಾರರಿಗೆ ಕ್ರೀಡಾ ಕೋಟಾದಲ್ಲಿ ನೌಕರಿ ಸಿಗುತ್ತಿತ್ತು. ಭಾನುವಾರ ಗೋಲು ಹೊಡೆದವನು ಸೋಮವಾರ ಕ್ಯಾಂಟೀನಿನ ಸಾಲಿನಲ್ಲಿ ನಮ್ಮ ತಂದೆಯ ಹಿಂದೆ ನಿಂತಿರುತ್ತಿದ್ದ. ಒಮ್ಮೆ ಕಾಲುಗಳ ನಡುವೆಯೇ ಚೆಂಡು ಬಿಟ್ಟ ಗೋಲ್‌ಕೀಪರಿಗೆ ಮರುದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು, ‘ಕಾಲು ಜೋಡಿಸಿ ನಿಲ್ಲಪ್ಪ, ಇಲ್ಲದಿದ್ದರೆ ಇಲ್ಲಿಯೂ ಯಾರಾದರೂ ನುಸುಳಿ ಮುಂದೆ ಹೋದಾರು’ ಎಂದರಂತೆ. ಅವನು ತಟ್ಟೆ ಹಿಡಿದುಕೊಂಡೇ ಕಾಲು ಜೋಡಿಸಿ ನಿಂತನಂತೆ. ನಮ್ಮ ತಂದೆ ಈ ಕಥೆಯನ್ನು ಪ್ರತಿ ದೀಪಾವಳಿಗೂ ಹೇಳುತ್ತಿದ್ದರು.

ವಿರಾಮದ ಹೊತ್ತಿನಲ್ಲಿ ಕಡಲೆಕಾಯಿ ಸುಲಿಯುತ್ತಾ ಅವರು ಹೇಳುತ್ತಿದ್ದ ಹಳೆಯ ಸಂಗತಿಗಳೇ ನನ್ನ ಇತಿಹಾಸದ ಪಾಠಗಳು. ಬ್ರಿಟಿಷ್ ಪಡೆಗಳ ತಂಡಗಳೇ ಗೆಲ್ಲುತ್ತಿದ್ದ ಬಾಂಬೆಯ ರೋವರ್ಸ್ ಕಪ್ಪನ್ನು 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡವು ಗೆದ್ದು, ಮರುವರ್ಷವೂ ಉಳಿಸಿಕೊಂಡದ್ದನ್ನು ಅವರಿಂದಲೇ ಕೇಳಿದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ, ಬಹುತೇಕ ಬರಿಗಾಲಿನಲ್ಲೇ ಆಡಿದ ಭಾರತ ತಂಡವು ಫ್ರಾನ್ಸಿಗೆ 1–2ರಿಂದ ಸೋತಾಗ ಆ ಒಂದು ಗೋಲನ್ನು ಹೊಡೆದವರು ನಮ್ಮ ಊರಿನ ಸಾರಂಗಪಾಣಿ ರಾಮನ್. ‘ಎರಡು ಪೆನಾಲ್ಟಿ ಕೈಬಿಡದಿದ್ದರೆ ನಾವೇ ಗೆಲ್ಲುತ್ತಿದ್ದೆವು’ ಎಂದು ತಂದೆ, ತಾವೇ ಆ ಪೆನಾಲ್ಟಿ ಒದ್ದವರಂತೆ ಪೇಚಾಡುತ್ತಿದ್ದರು.

ಮುಂದೆ ನಾನೂ ಅದೇ ಕಾರ್ಖಾನೆಗೆ ಸೇರಿದೆ. ಕ್ರೀಡಾ ಕೋಟಾದ ನೇಮಕಗಳು ವರ್ಷದಿಂದ ವರ್ಷಕ್ಕೆ ತೆಳ್ಳಗಾದವು. ನಮ್ಮ ತಂಡ ಆಗ ದೇಶದ ಅಗ್ರ ಲೀಗಾಗಿದ್ದ ಐ-ಲೀಗ್ ತನಕ ಏರಿದ್ದೇ ದೊಡ್ಡದು. ಪೂರ್ಣಕಾಲಿಕ ಆಟಗಾರರ ಎದುರು ಪಾಳಿ ಮುಗಿಸಿ ಬಂದವರು ಎಷ್ಟು ದಿನ ನಿಂತಾರು? 2012ರಲ್ಲಿ ಕೆಳಗಿನ ದರ್ಜೆಗೆ ಇಳಿದೆವು. ಮರುವರ್ಷವೇ ಬಿಎಫ್‌ಸಿ ಹುಟ್ಟಿತು, ಅದೂ ಅದೇ ಅಶೋಕನಗರದ ಅಂಗಳದಲ್ಲಿ. ಮೊದಲ ಪಂದ್ಯದಲ್ಲಿ ಮೋಹನ್ ಬಗಾನ್ ವಿರುದ್ಧ 1–1, ಮೊದಲ ವರ್ಷವೇ ಲೀಗ್ ಪ್ರಶಸ್ತಿ. ನಾನು ಮಾತ್ರ ಹೋಗಲಿಲ್ಲ. ನಮ್ಮ ತಂದೆ ಕುಳಿತ ಮೆಟ್ಟಿಲ ಮೇಲೆ ಕುಳಿತು, ಯಾವ ಕ್ಯಾಂಟೀನಿನಲ್ಲೂ ನಾನು ಕಾಣದ ಆಟಗಾರರಿಗೆ ಚಪ್ಪಾಳೆ ತಟ್ಟುವುದು ನನ್ನಿಂದಾಗದು ಎಂದು ಮನೆಯಲ್ಲಿ ಭಾಷಣ ಮಾಡುತ್ತಿದ್ದೆ. ಈಗ ನೆನೆದರೆ ಅದರಲ್ಲಿ ನಿಷ್ಠೆಗಿಂತ ಹಟವೇ ಹೆಚ್ಚಾಗಿತ್ತು.

ಆ ಹಟ ಮುರಿದದ್ದು 2016ರ ಅಕ್ಟೋಬರ್ 19ರಂದು. ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ಪಿನ ಸೆಮಿಫೈನಲ್, ಎದುರಾಳಿ ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೊಹೊರ್. ಮೊದಲ ಪಂದ್ಯ ಅವರ ಊರಿನಲ್ಲಿ 1–1 ಆಗಿತ್ತು, ಎರಡನೆಯದು ಕಂಠೀರವದಲ್ಲಿ. ನಿನ್ನ ಸೋದರಮಾವನೇ ಟಿಕೆಟ್ ತಂದು, ‘ಟೀಕಿಸುವುದಕ್ಕಾದರೂ ಬನ್ನಿ’ ಎಂದು ಎಳೆದುಕೊಂಡು ಹೋದ. ಹನ್ನೊಂದನೆಯ ನಿಮಿಷದಲ್ಲಿ ಜೊಹೊರ್ ಗೋಲು ಹೊಡೆದಾಗ, ನಾಚಿಕೆಯಿಂದ ಹೇಳುತ್ತೇನೆ, ನನಗೆ ಒಳಗೊಳಗೇ ಸ್ವಲ್ಪ ಸಮಾಧಾನವಾಯಿತು. ಆದರೆ ಪಶ್ಚಿಮದ ಗ್ಯಾಲರಿಯಲ್ಲಿ ಸೇರುವ ಬಿಎಫ್‌ಸಿ ಅಭಿಮಾನಿಗಳಾದ ವೆಸ್ಟ್ ಬ್ಲಾಕ್‌ನ ಹುಡುಗರು ಒಂದು ಕ್ಷಣವೂ ಹಾಡು ನಿಲ್ಲಿಸಲಿಲ್ಲ. ವಿರಾಮಕ್ಕೆ ಮೊದಲು ಬಿಎಫ್‌ಸಿಯ ನಾಯಕ ಸುನಿಲ್ ಚೆಟ್ರಿ ತಲೆಯಿಂದ ಸಮ ಮಾಡಿದರು. ಎರಡನೆಯ ಅವಧಿಯಲ್ಲಿ ಅವರೇ ದೂರದಿಂದ ಹೊಡೆದ ಚೆಂಡು ಬಾಗಿ ಬಲೆಯ ಮೂಲೆ ಸೇರಿದಾಗ, ಪಕ್ಕದಲ್ಲಿದ್ದ ಅಪರಿಚಿತ ಹುಡುಗನೊಬ್ಬ ನನ್ನನ್ನು ಅಪ್ಪಿಕೊಂಡು ಕುಣಿದ. ಅವನು ಕೈಬಿಟ್ಟ ಮೇಲೆಯೂ ನಾನು ಕುಣಿಯುತ್ತಿದ್ದುದನ್ನು ನಿನ್ನ ಸೋದರಮಾವ ಕಣ್ಣಾರೆ ನೋಡಿದ್ದಾನೆ. ಬಿಎಫ್‌ಸಿಯ ಹುವಾನನ್ ಮೂರನೆಯದನ್ನು ಹೊಡೆದರು. ಈ ಕಪ್ಪಿನ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ಬು ನಮ್ಮೂರಿನದಾಯಿತು. ದೋಹಾದಲ್ಲಿ ಇರಾಕಿನ ಏರ್‌ಫೋರ್ಸ್ ತಂಡಕ್ಕೆ 0–1ರಿಂದ ಸೋತಾಗ ಎರಡು ದಿನ ನನಗೆ ಊಟ ರುಚಿಸಲಿಲ್ಲ. ಹಾಗೆ ಊಟ ಬಿಡುವುದು ಅಲ್ಲಿಯವರೆಗೆ ಎಚ್‌ಎಎಲ್ ಸೋತಾಗ ಮಾತ್ರ ಆಗುತ್ತಿತ್ತು.

ಅಂದಿನಿಂದ ನಾನು ಬಿಎಫ್‌ಸಿಯವನೇ. 2018ರ ಮಾರ್ಚ್ 17ರಂದು ನಮ್ಮದೇ ಕಂಠೀರವದಲ್ಲಿ ಇಂಡಿಯನ್ ಸೂಪರ್ ಲೀಗಿನ ಫೈನಲನ್ನು ಚೆನ್ನೈಯಿನ್ ತಂಡಕ್ಕೆ ಸೋತೆವು. ಸರಿಯಾಗಿ ಒಂದು ವರ್ಷದ ನಂತರ, ಅದೇ ತಾರೀಖಿನಂದು, ಮುಂಬೈಯಲ್ಲಿ ಹೆಚ್ಚುವರಿ ಸಮಯ ಮುಗಿಯುವ ಹೊತ್ತಿಗೆ ರಾಹುಲ್ ಭೇಕೆ ತಲೆಯಿಂದ ಹೊಡೆದ ಒಂದೇ ಗೋಲಿನಿಂದ ಗೋವಾ ತಂಡವನ್ನು ಗೆದ್ದೆವು. 2023ರ ಮಾರ್ಚ್ 3ರಂದು ಎದುರಾಳಿಗಳು ಇನ್ನೂ ಗೋಡೆ ಕಟ್ಟುತ್ತಿರುವಾಗಲೇ ಚೆಟ್ರಿ ಹೊಡೆದ ಫ್ರೀ ಕಿಕ್ ಗೋಲಾಗಿ, ಅದನ್ನು ಒಪ್ಪದ ಕೇರಳದ ತಂಡವು ಮೈದಾನ ಬಿಟ್ಟು ಹೊರನಡೆಯಿತು. ಅದರ ಗದ್ದಲ ಮುಗಿಯುವ ಮೊದಲೇ, ಮರುದಿನ, ರಿಯಾದ್‌ನಲ್ಲಿ ಕರ್ನಾಟಕವು ಮೇಘಾಲಯವನ್ನು 3–2ರಿಂದ ಮಣಿಸಿ 54 ವರ್ಷಗಳ ನಂತರ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತು. ನಾವು ಹಿಂದೆ ಗೆದ್ದಾಗ ರಾಜ್ಯದ ಹೆಸರು ಇನ್ನೂ ಮೈಸೂರು ಎಂದೇ ಇತ್ತು. ಪತ್ರಿಕೆಗಳಲ್ಲಿ ಫ್ರೀ ಕಿಕ್ಕಿನ ಜಗಳಕ್ಕೇ ಹೆಚ್ಚು ಜಾಗ ಸಿಕ್ಕಿದ್ದು ನನಗೆ ಇಂದಿಗೂ ಸರಿ ಎನಿಸಿಲ್ಲ.

ಪಕ್ಷಾಂತರ ಎನ್ನುವುದಾದರೆ ಎನ್ನು, ನಾನು ಅಲ್ಲಗಳೆಯುವುದಿಲ್ಲ. ಆದರೆ ಎಚ್‌ಎಎಲ್ ತಂಡ ಮತ್ತೆ ಮೇಲೆ ಬಂದು ಕಂಠೀರವದಲ್ಲಿ ಬಿಎಫ್‌ಸಿಯ ಎದುರು ನಿಂತರೆ, ಅಂದು ನಾನು ಯಾವ ಅಂಗಿ ತೊಡುತ್ತೇನೆಂದು ಮಾತ್ರ ಕೇಳಬೇಡ. ಮುಂದಿನ ಪಂದ್ಯಕ್ಕೆ ನೀನೂ ಬರುವುದಾದರೆ ಟಿಕೆಟನ್ನು ಪೂರ್ವದ ಕಡೆಯೇ ತೆಗೆದುಕೋ; ವೆಸ್ಟ್ ಬ್ಲಾಕ್‌ನವರು ತೊಂಬತ್ತು ನಿಮಿಷವೂ ನಿಂತೇ ಇರುತ್ತಾರೆ, ನನ್ನ ಮಂಡಿ ಅದಕ್ಕೆ ಒಪ್ಪುವುದಿಲ್ಲ.